ಬಾವಿ ಕಲ್ಲಿನಲ್ಲಿ ನೀಲಿ ಹರಳು ಸಿಕ್ಕಿದೆ. ಕ್ಯಾವನ್ಸೈಟ್ ಅನ್ನೋ ಅಪರೂಪದ ನೀಲಿ ಖನಿಜ ಹೌದೋ ಅಲ್ಲವೋ ಹೊಲದಲ್ಲೇ ತಿಳಿಯಲು ಯಾವ ಆ್ಯಸಿಡ್ ಹಾಕಬೇಕು?

ಯಾವ ಆ್ಯಸಿಡ್ಡೂ ಬೇಡ. ನಾನು ಕಲ್ಲು ಕಳೆದುಕೊಂಡಿದ್ದೇ ಅದರಿಂದ.

ಆಳಂದ ಕಡೆ ನಮ್ಮ ಕಾಕಾ ಬಾವಿ ತೋಡಿಸುತ್ತಿದ್ದರು. ಮೇಲೆ ಕರಿಮಣ್ಣು, ಕೆಳಗೆ ಕರಿಕಲ್ಲು. ಮದ್ದು ಇಟ್ಟು ಒಡೆದ ಕಲ್ಲಿನ ರಾಶಿಯಲ್ಲಿ ಒಂದು ತುಂಡು ಕಣ್ಣಿಗೆ ಬಿತ್ತು. ಅದರ ಪೊಳ್ಳಿನೊಳಗೆ ಬಿಳಿ ಹರಳು. ಬಿಳಿಯ ಮೇಲೆ ಜೋಳದ ಕಾಳಿನಷ್ಟು ಮೂರು ನೀಲಿ ಉಂಡೆ. ಎಷ್ಟು ಗಾಢ ನೀಲಿ ಅಂದ್ರೆ, ಇಂಕು ಚೆಲ್ಲಿದೆ ಅಂದುಕೊಂಡು ಒರೆಸಿ ನೋಡಿದೆ.

ಮನೆಗೆ ತಂದು ಬಚ್ಚಲು ತೊಳೆಯುವ ಆ್ಯಸಿಡ್ ಒಂದು ಹನಿ ಹಾಕಿದೆ. ಬುರಬುರ ನೊರೆ ಬಂತು. ಅಜುರೈಟ್ ಅಂದರೆ ತಾಮ್ರದ ಕಾರ್ಬೋನೇಟ್, ಆ್ಯಸಿಡ್ ಬಿದ್ದರೆ ನೊರೆ ಬರುತ್ತದೆ ಅಂತ ಓದಿದ್ದೆ. ಹಾಗಾದರೆ ಅಜುರೈಟೇ, ಅಪರೂಪದ್ದೇನಲ್ಲ ಅಂದುಕೊಂಡೆ. ಚಾಕುವಿನಿಂದ ಕೆರೆದೆ, ಉಂಡೆಗಳು ಪುಡಿಯಾದವು. ಉಳಿದ ಕಲ್ಲನ್ನು ಮಕ್ಕಳು ಎಲ್ಲೋ ಎಸೆದರು.

ತಪ್ಪು ಎಲ್ಲಿ ಆಯ್ತು ಗೊತ್ತಾ? ಹನಿ ಹಾಕಿದ್ದು ನೀಲಿಯ ಮೇಲೆ. ಆದರೆ ಅಷ್ಟು ಸಣ್ಣ ಉಂಡೆಯ ಮೇಲೆ ಅದು ನಿಲ್ಲಲಿಲ್ಲ, ಕೆಳಗಿನ ಬಿಳಿ ಹರಳಿಗೆ ಇಳಿಯಿತು. ಬಿಳಿಯದು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್, ಆಗಿದ್ದರೆ ಅದೂ ಜೋರಾಗಿ ನೊರೆ ಬಿಡುತ್ತದೆ. ಕರಿಕಲ್ಲಿನ ಪೊಳ್ಳುಗಳಲ್ಲಿ ಕ್ಯಾಲ್ಸೈಟ್ ಎಷ್ಟೋ ಕಡೆ ಇರುತ್ತದೆ. ನಾನು ನೊರೆಯನ್ನು ನೋಡಿದೆ, ನೊರೆ ಎಲ್ಲಿಂದ ಬರುತ್ತಿದೆ ಅಂತ ನೋಡಲಿಲ್ಲ. ಬರೀ ಬಿಳಿ ಭಾಗಕ್ಕೆ ಇನ್ನೊಂದು ಹನಿ ಹಾಕಿದ್ದರೆ ಸಾಕಿತ್ತು, ನೊರೆ ಅದರದ್ದೂ ಇರಬಹುದು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಅಜುರೈಟ್ ಜೊತೆ ಸಾಮಾನ್ಯವಾಗಿ ಇರುವ ಹಸಿರು ಮ್ಯಾಲಕೈಟ್ ಒಂದು ಚೂರೂ ಇರಲಿಲ್ಲ. ಅದನ್ನೂ ಗಮನಿಸಲಿಲ್ಲ. ಇನ್ನು ಚಾಕು ಹಾಕಿದ್ದು ಸುಮ್ನೆ ಹಾಳು. 1ರಿಂದ 10ರ ಅಳತೆಯಲ್ಲಿ ಕ್ಯಾವನ್ಸೈಟ್ ಗಡಸುತನ 3ರಿಂದ 4, ಅಜುರೈಟ್‌ದು 3.5ರಿಂದ 4. ಕೆರೆದರೆ ಏನು ವ್ಯತ್ಯಾಸ ತಿಳಿಯುತ್ತದೆ?

ಆಮೇಲೆ ಕೆಲಸಕ್ಕೆ ಅಂತ ಪುಣೆಗೆ ಹೋದೆ. ಅಲ್ಲಿ ವಾಘೋಲಿ ಕ್ವಾರಿಯಿಂದ ಬಂದ ಕ್ಯಾವನ್ಸೈಟ್ ನೋಡಿದೆ. ಬಿಳಿ ಸ್ಟಿಲ್‌ಬೈಟ್ ಅನ್ನೋ ಹರಳಿನ ಮೇಲೆ ಅದೇ ನೀಲಿ ಉಂಡೆ, ಸೂಜಿಗಳನ್ನು ಒಟ್ಟಿಗೆ ಕಟ್ಟಿದ ಹಾಗೆ. ಎದೆ ಧಸಕ್ಕೆಂದಿತು. ನನಗೆ ಸಿಕ್ಕಿದ್ದೂ ಅದೇನಾ? ಈಗ ಹೇಳಲು ಆಗಲ್ಲ. ಕಲ್ಲೇ ಇಲ್ಲವಲ್ಲ.

ಹೊಲದಲ್ಲೇ ಹೆಸರು ಹೇಳಿಬಿಡಬೇಕು ಅನ್ನೋ ಆಸೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಕ್ಯಾಲ್ಸಿಯಂ, ವನಾಡಿಯಂ, ಸಿಲಿಕಾನ್ ಇರುವುದಕ್ಕೇ ಕ್ಯಾವನ್ಸೈಟ್‌ಗೆ ಆ ಹೆಸರು. ವನಾಡಿಯಂ ಕಣ್ಣಿಗೆ ಕಾಣುತ್ತದಾ? ಪೆಂಟಗೊನೈಟ್ ಅಂತ ಇನ್ನೊಂದು ಖನಿಜ ಇದೆ, ಅದರಲ್ಲಿ ಇರುವುದೂ ಇವೇ, ನೀಲಿಯೂ ಅದೇ. ಖಚಿತವಾಗಬೇಕಾದರೆ ಎಕ್ಸ್-ರೇ ಪರೀಕ್ಷೆಯೇ ಬೇಕು. ಹೊಲದಲ್ಲಿ ನೀವು ನೋಡಬೇಕಾದದ್ದು ಸುತ್ತಲಿನ ಕಲ್ಲು. ಆಳಂದದ ಕರಿಕಲ್ಲಿನ ಪೊಳ್ಳಿನಲ್ಲಿ ಸಿಕ್ಕಿದ್ದರೆ ಆಸೆ ಇಟ್ಟುಕೊಳ್ಳಿ. ಸೇಡಂ, ಶಹಾಬಾದ್ ಕಡೆಯ ಸುಣ್ಣದ ಕಲ್ಲಿನಲ್ಲಾದರೆ ನಾನು ಆಸೆ ಇಡುವುದಿಲ್ಲ.

ಬಿಳಿ ಹರಳಿನಿಂದ ನೀಲಿಯನ್ನು ಬಿಡಿಸಬೇಡಿ. ತೊಳೆಯಲೂ ಬೇಡಿ. ಹತ್ತಿಯಲ್ಲಿ ಸುತ್ತಿ, ಯಾವ ಬಾವಿ, ಎಷ್ಟು ಆಳ ಅಂತ ಚೀಟಿ ಬರೆದು ಇಡಿ. ಬಾವಿ ಕಲ್ಲಿನ ರಾಶಿ ಇನ್ನೂ ಅಲ್ಲೇ ಇದ್ದರೆ ಇವತ್ತೇ ಹೋಗಿ ಹುಡುಕಿ. ನಮ್ಮ ಕಾಕಾನ ರಾಶಿಯನ್ನು ಟ್ರ್ಯಾಕ್ಟರ್‌ನಲ್ಲಿ ತುಂಬಿ ಹೊಲದ ದಾರಿಗೆ ಹಾಕಿಬಿಟ್ಟಿದ್ದರು.