ಮನೆಯವರನ್ನು ಮಾತನಾಡಿಸಿ

ಸಿದ್ದಾಪುರದ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು. ಹಿತ್ತಿಲಿನ ಸೊಪ್ಪು, ತಂಬುಳಿ, ಮಳೆಗಾಲದ ಅಡುಗೆಮನೆ ಇವುಗಳ ಬಗ್ಗೆ ಬ್ಲಾಗ್ ಬರೆಯುತ್ತಿದ್ದ ಮಹಿಳೆಯೊಬ್ಬರನ್ನು ಅವರು ಆರು ವರ್ಷ ಬಿಡದೆ ಓದಿದ್ದರು. ಕಾವ್ಯನಾಮ ಬಿಟ್ಟರೆ ಊರು, ಮುಖ ಏನೂ ತಿಳಿಯದು. ಕಳೆದ ತಿಂಗಳು ಆಕೆ ತೀರಿಕೊಂಡರು. ಸುದ್ದಿ ಹಾಕಿದವನು ಮಗ. ನಿಜವಾದ ಹೆಸರು ಗೊತ್ತಾದದ್ದೂ ಅಂದೇ. ಅಂಗಳದಲ್ಲಿ ಅಡಿಕೆ ಹರವುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ ಈ ಓದುಗರನ್ನು ನೋಡಿ ಅವರ ಅತ್ತೆ, "ಯಾರು ಹೋದರು? ನಮ್ಮ ಕಡೆಯವರೇ?" ಎಂದು ಕೇಳಿದರಂತೆ. ಉತ್ತರ ತೋಚಲಿಲ್ಲವಂತೆ. "ಕಾಣದವರಿಗಾಗಿ ಅಳುವುದು ನಾಟಕವೇ? ನಿಮ್ಮ ಪತ್ರಿಕೆ ಒಂದು ನುಡಿನಮನವನ್ನಾದರೂ ಏಕೆ ಹಾಕಲಿಲ್ಲ?" ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಅತ್ತೆಯವರ ಮಾತಿನಲ್ಲಿ ಕುಹಕ ಹುಡುಕಬೇಡಿ. ಸಾವಿನ ಸುದ್ದಿ ಬಂದರೆ ಸೂತಕ ಎಷ್ಟು ದಿನ, ಬರೀ ಸ್ನಾನ ಸಾಕೇ, ದೇವರ ದೀಪ ಯಾರು ಹಚ್ಚಬೇಕು ಎಂದು ತೀರ್ಮಾನಿಸಬೇಕಾದವರು ಅವರು. ಮೂರು ದಿನ, ಹತ್ತು ದಿನ ಎಂದು ಸಂಬಂಧದ ಅಳತೆಗೆ ದುಃಖವನ್ನು ಕತ್ತರಿಸಿಟ್ಟ ಆ ಲೆಕ್ಕದಲ್ಲಿ ನಿಮ್ಮ ಗೆಳತಿಗೆ ಕಾಲಂ ಇಲ್ಲ. ಅಷ್ಟಕ್ಕೇ ಅಳು ನಾಟಕವಾಗುವುದಿಲ್ಲ. "ಹೌದು, ನಮ್ಮ ಕಡೆಯವರೇ" ಎಂದುಬಿಡಿ. ಸುಳ್ಳೇನಲ್ಲ.

ನನ್ನ ತಕರಾರು ಬೇರೆ ಇದೆ. ಆ ಸುದ್ದಿಯ ಕೆಳಗೆ ಬಂದ ಪ್ರತಿಕ್ರಿಯೆಗಳನ್ನು ನೀವು ಮುದ್ರಿಸಿ ಲಗತ್ತಿಸಿದ್ದೀರಿ. ಪೂರ್ತಿ ಓದಿದೆ. "ಮತ್ತೆ ಹುಟ್ಟಿ ಬನ್ನಿ" ಎಂಬುದನ್ನು ಎಣಿಸಲು ಹೊರಟು ನಲವತ್ತಕ್ಕೆ ನಿಲ್ಲಿಸಿದೆ. ಉಳಿದದ್ದು "ತುಂಬಲಾರದ ನಷ್ಟ", ಕೈಮುಗಿದ ಚಿತ್ರ, ಹಣತೆಯ ಚಿತ್ರ. ಇಬ್ಬರು ಮಹನೀಯರು ತಾವೇ ಆಕೆಗೆ ಹೆಚ್ಚು ಹತ್ತಿರದವರೆಂದು ಜಗಳಕ್ಕೂ ಬಿದ್ದಿದ್ದಾರೆ. ಎಲ್ಲರೂ ಹೋದವರೊಂದಿಗೆ ಮಾತನಾಡುತ್ತಿದ್ದಾರೆ. ಸುದ್ದಿ ಹಾಕಿದ ಆ ಹುಡುಗ ಅಲ್ಲೇ ಬಾಗಿಲಲ್ಲಿ ನಿಂತಿದ್ದಾನೆ, ಅವನನ್ನು ಕೇಳುವವರಿಲ್ಲ. ಸಾವಿನ ಮನೆಗೆ ಹೋಗುವುದಕ್ಕೆ ನಮ್ಮಲ್ಲಿರುವ ಹೆಸರೇ ‘ಮಾತನಾಡಿಸಿಕೊಂಡು ಬರುವುದು’. ಹೋದವರು "ಏನಾಗಿತ್ತು?" ಎನ್ನುತ್ತಾರೆ, ಮನೆಯವರು ಇಪ್ಪತ್ತನೆಯ ಸಲವೂ ಮೊದಲಿನಿಂದ ಹೇಳುತ್ತಾರೆ. ಆಮೇಲೆ ಬಂದವರ ಸರದಿ. ಆ ಸಲ ಜಾತ್ರೆಯಲ್ಲಿ ಸಿಕ್ಕಾಗ ಹೀಗೆಂದಿದ್ದರು, ನಮ್ಮ ಮಗಳ ಮದುವೆಯಲ್ಲಿ ಬಡಿಸಲು ನಿಂತಿದ್ದರು ಎಂದು ತಮ್ಮ ಪಾಲಿನದನ್ನು ಅಲ್ಲಿ ಇಟ್ಟು ಬರುತ್ತಾರೆ.

ನಾರ್ವೆಯ ಓಸ್ಲೋದ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನ ಕಥೆ ನಿಮಗೆ ಗೊತ್ತಿರಬಹುದು. ಡುಶೆನ್ ಎಂಬ ಸ್ನಾಯುಗಳು ಸವೆಯುವ ಹುಟ್ಟುರೋಗ. ಗಾಲಿಕುರ್ಚಿ, ಕೊನೆಗೆ ಬೆರಳುಗಳಷ್ಟೇ ಅಲುಗಾಡುವ ಸ್ಥಿತಿ. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಹಗಲು ರಾತ್ರಿ ಕಂಪ್ಯೂಟರ್ ಆಟದಲ್ಲಿ ಮುಳುಗಿರುತ್ತಿದ್ದ ಮಗ ಗೆಳೆಯರಿಲ್ಲದೆ, ಯಾರಿಗೂ ಬೇಕಾಗದೆ ಹೋದನಲ್ಲ ಎಂಬುದು ತಂದೆತಾಯಿಯ ಕೊರಗು. ಅವನು ಒಂದು ಬ್ಲಾಗನ್ನೂ ಬರೆಯುತ್ತಿದ್ದ. ತಂದೆ ಅದರಲ್ಲಿ ಸಾವಿನ ಸುದ್ದಿ ಹಾಕಿದರು, ತಮ್ಮ ಇಮೇಲ್ ವಿಳಾಸವನ್ನೂ ಕೊಟ್ಟರು. ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆ ಆಟದೊಳಗೆ ಮ್ಯಾಟ್ಸ್ ‘ಇಬೆಲಿನ್’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಬದುಕಿದ್ದ. ‘ಸ್ಟಾರ್‌ಲೈಟ್’ ಎಂಬ ಗುಂಪಿಗೆ ಅವನೆಂದರೆ ಪ್ರಾಣ. ಆಟ ಬಿಡಿಸಬೇಕೆಂದು ನೆದರ್‌ಲ್ಯಾಂಡ್ಸ್‌ನ ಹುಡುಗಿಯೊಬ್ಬಳ ಕಂಪ್ಯೂಟರನ್ನು ಮನೆಯವರು ಕಸಿದಿಟ್ಟಾಗ, ಅವಳಿಗೆ ಆ ಗೆಳೆತನ ಎಷ್ಟು ಮುಖ್ಯ ಎಂದು ವಿವರಿಸಿ ಅವಳ ತಂದೆತಾಯಿಗೇ ಕಾಗದ ಬರೆದಿದ್ದ. ಅಂತ್ಯಕ್ರಿಯೆಗೆ ಆ ಗುಂಪಿನ ಕೆಲವರು ಯುರೋಪಿನ ಬೇರೆ ಬೇರೆ ದೇಶಗಳಿಂದ ಬಂದರು. ಅವನನ್ನು ಕಣ್ಣಾರೆ ಕಂಡಿರದವರು. 2024ರಲ್ಲಿ ಬಂದ ಅವನ ಕುರಿತ ಸಾಕ್ಷ್ಯಚಿತ್ರಕ್ಕೆ ಆಧಾರವಾದದ್ದು ಗೆಳೆಯರು ಉಳಿಸಿಟ್ಟುಕೊಂಡಿದ್ದ ಸಾವಿರಾರು ಪುಟಗಳ ಆಟದ ಸಂಭಾಷಣೆ.

ಅಲ್ಲಿಗೆ ಬಂದ ಪತ್ರಗಳೆಲ್ಲ "ಮತ್ತೆ ಹುಟ್ಟಿ ಬಾ" ಎಂದಷ್ಟೇ ಇದ್ದಿದ್ದರೆ ಆ ದಂಪತಿಗೆ ತಮ್ಮ ಮಗ ಯಾರೆಂಬುದು ಇಂದಿಗೂ ತಿಳಿಯುತ್ತಿರಲಿಲ್ಲ.

ಇದನ್ನು ನಾನು ಉಪದೇಶದ ಹಾಗೆ ಹೇಳುತ್ತಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮಲ್ಲಿ ಹಿತ್ತಿಲ ಹಕ್ಕಿಗಳ ಬಗ್ಗೆ ಅಂಕಣ ಬರೆಯುತ್ತಿದ್ದ ನಿವೃತ್ತ ಗುಮಾಸ್ತರೊಬ್ಬರು ತೀರಿಕೊಂಡರು. ಕಾರ್ಡು, ಇನ್‌ಲ್ಯಾಂಡ್ ಲೆಟರ್ ಸೇರಿ ನೂರಕ್ಕೂ ಮೀರಿ ಪತ್ರ ಬಂದವು. ಒಂದು ವಿಶೇಷ ಪುಟ ಮಾಡೋಣವೆಂದು ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಚುನಾವಣೆ ಬಂತು, ದೀಪಾವಳಿ ಸಂಚಿಕೆ ಬಂತು. ನಾಲ್ಕು ತಿಂಗಳ ಮೇಲೆ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಅವರ ಮನೆಗೆ ಹೋದೆ. ಅವರ ಪತ್ನಿ ಕನ್ನಡಕ ತರಿಸಿಕೊಂಡು ಮೇಲಿದ್ದ ಕಾರ್ಡನ್ನೇ ಓದಿದರು. ಹೊಸದುರ್ಗದ ಹುಡುಗನೊಬ್ಬ ಬರೆದಿದ್ದ: ನಿಮ್ಮ ಲೇಖನ ಓದಿದ ಮೇಲೆ ಬೇಸಿಗೆಯಲ್ಲಿ ಗೋಡೆಯ ಮೇಲೆ ಒಡಕು ಮಡಕೆಯಲ್ಲಿ ನೀರಿಡುತ್ತೇನೆ, ಪಿಕಳಾರ ಜೋಡಿಯಾಗಿ ಬರುತ್ತವೆ. ಆಕೆ ನಕ್ಕುಬಿಟ್ಟರು. "ಈ ಮನೆಯಲ್ಲಿ ಒಂದು ದಿನ ತಮ್ಮ ಲೋಟಕ್ಕೆ ತಾವು ನೀರು ಬಗ್ಗಿಸಿಕೊಂಡವರಲ್ಲ." ಆಮೇಲೆ ಕಾರ್ಡನ್ನು ತಿರುಗಿಸಿ ಅಂಚೆಯ ಮುದ್ರೆ ನೋಡಿದರು. ತಾರೀಕು ಓದಿದರು. "ಮೊದಲೇ ತಂದಿದ್ದರೆ ವೈಕುಂಠ ಸಮಾರಾಧನೆಯ ದಿನ ಎಲ್ಲರ ಎದುರು ಓದಿಸುತ್ತಿದ್ದೆ" ಎಂದರು. ಗದರಿಸಲಿಲ್ಲ. ಕಾಫಿ ಕೊಟ್ಟರು. ಆ ಕಾಫಿ ಇನ್ನೂ ನನ್ನ ಗಂಟಲಲ್ಲಿದೆ.

ಇನ್ನು ಬರಹಗಳ ವಿಷಯ. ಆಕೆ ಸ್ವಂತ ವಿಳಾಸ ಕೊಂಡು ಅಂತರ್ಜಾಲ ತಾಣ ನಡೆಸುತ್ತಿದ್ದರೆಂದು ಬರೆದಿದ್ದೀರಿ. ಅದಕ್ಕೆ ಕಾಲಕಾಲಕ್ಕೆ ಹಣ ಕಟ್ಟಬೇಕು. ಕಟ್ಟುವ ಕೈ ಹೋದರೆ ಗಡುವು ಮುಗಿದ ಮೇಲೆ ಎಲ್ಲವೂ ಕಣ್ಮರೆ. ಕೆನಡಾದ ಡೆರೆಕ್ ಮಿಲ್ಲರ್ ಎಂಬ ಬ್ಲಾಗ್ ಬರಹಗಾರ ಕರುಳಿನ ಕ್ಯಾನ್ಸರಿನಿಂದ 2011ರ ಮೇ ತಿಂಗಳಲ್ಲಿ ತೀರಿಕೊಂಡ. ನಾನು ಸತ್ತಿದ್ದೇನೆ, ಇದು ನನ್ನ ಕೊನೆಯ ಬರಹ ಎಂದು ಆರಂಭವಾಗುವ ಪುಟವನ್ನು ಮೊದಲೇ ಬರೆದಿಟ್ಟಿದ್ದ. ಮನೆಯವರು, ಗೆಳೆಯರು ಸೇರಿ ಪ್ರಕಟಿಸಿದರು. ಓದಲು ನುಗ್ಗಿದ ಜನರ ಭಾರಕ್ಕೆ ತಾಣವೇ ಕುಸಿಯಿತು. ತನ್ನ ತಾಣ ಇನ್ನು ಮುಂದೆ ಹೊಸತು ಸೇರದ ಸಂಗ್ರಹವಾಗಿ ಉಳಿಯಬೇಕೆಂದೂ ಅವನು ಯೋಚಿಸಿದ್ದ. ಎಲ್ಲರಿಗೂ ಅಷ್ಟು ತಣ್ಣನೆಯ ತಲೆ ಇರುವುದಿಲ್ಲ. ಸಾವು ಅಷ್ಟು ಮುನ್ಸೂಚನೆ ಕೊಟ್ಟು ಬರುವುದೂ ಇಲ್ಲ. ಜಾಲಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಪುಟದ ವಿಳಾಸ ಕೊಟ್ಟರೆ ಅದು ಪ್ರತಿ ತೆಗೆದಿಡುತ್ತದೆ, ಖರ್ಚಿಲ್ಲ. ಜಗಳವಾಡಿದ ಆ ಇಬ್ಬರು ಮಹನೀಯರಿಗೆ ಈ ಕೆಲಸವನ್ನು ಅರ್ಧರ್ಧ ಹಂಚಿಕೊಡಿ. ಪುಸ್ತಕ ಮಾಡುವ ಉತ್ಸಾಹಿಗಳೂ ಎದ್ದಿದ್ದಾರೆಂದು ಕಾಣುತ್ತದೆ. ಮಗನ ಒಪ್ಪಿಗೆ ಇಲ್ಲದೆ ಒಂದು ಹಾಳೆಯೂ ಅಚ್ಚಾಗಬಾರದು.

ನುಡಿನಮನ ನಾವು ಹಾಕಲಿಲ್ಲ, ಏಕೆಂದರೆ ನಮ್ಮ ಕಚೇರಿಯಲ್ಲಿ ಯಾರೂ ಅವರನ್ನು ಓದಿರಲಿಲ್ಲ. ಓದದವರು ಬರೆದರೆ ಮತ್ತೆ "ತುಂಬಲಾರದ ನಷ್ಟ"ವೇ ಆಗುತ್ತಿತ್ತು. ನೀವು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿದ್ದೇನೆ. ಆದರೆ ನಮಗಿಂತ ಮೊದಲು ಮಗನಿಗೆ ಬರೆಯಿರಿ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಏನೂ ಅಲ್ಲವೆಂಬಂತೆ, ಒಂದು ಸಂಗತಿ ಸೇರಿಸಿದ್ದೀರಿ: ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ್ದ ರಾತ್ರಿ ನಿದ್ದೆ ಬಾರದೆ, ಒಂದೆಲಗದ ತಂಬುಳಿಗೆ ಮೆಣಸು ಎಷ್ಟು ಎಂದು ಸುಮ್ಮನೆ ಕೇಳಿದ್ದಿರಿ. ಎರಡು ಗಂಟೆಗೆ ಉತ್ತರ ಬಂತು. "ನಾಲ್ಕು ಕಾಳು. ಈ ಹೊತ್ತಿನಲ್ಲಿ ತಂಬುಳಿ ಮಾಡುವವರಿಲ್ಲ. ಎಲ್ಲಿದ್ದೀರಿ, ಊಟವಾಯಿತೇ?"

ತಾಯಿ ಆ ರಾತ್ರಿ ಎರಡು ಗಂಟೆಯವರೆಗೆ ಏಕೆ ಎದ್ದಿದ್ದರೆಂದು ಮಗನಿಗೆ ಗೊತ್ತಿರಲಾರದು. ತಾರೀಕು ನೆನಪಿದ್ದರೆ ಅದನ್ನೂ ಬರೆಯಿರಿ.

— ಸಂಪಾದಕ