ಈ ವಯಸ್ಸಲ್ಲಿ ನಾಲಿಗೆ ಹೊರಳುತ್ತಾ?

ಪ್ರಶ್ನೆ: ನನಗೆ 54. ಸೊಸೆಯ ಭಾಷೆ ಬೇರೆ. ಅದನ್ನು ಕಲಿಯಲು ಹೊರಟು ಮೂರು ತಿಂಗಳಾಯಿತು. ಇವತ್ತು ಕಲಿತ ಪದ ನಾಳೆ ನೆನಪಿರುವುದಿಲ್ಲ. ಐದು ವರ್ಷದ ಮೊಮ್ಮಗಳು ಎರಡೂ ಭಾಷೆಯನ್ನು ನೀರು ಕುಡಿದಷ್ಟು ಸುಲಭವಾಗಿ ಮಾತಾಡುತ್ತಾಳೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತ ಮನೆಯವರ ಗೇಲಿ ಬೇರೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನಿಮ್ಮನ್ನು ಮೊಮ್ಮಗಳ ಜೊತೆ ಹೋಲಿಸುವುದೇ ಮೋಸದ ಲೆಕ್ಕ. ಅವಳ ಕಿವಿಗೆ ಆ ಭಾಷೆ ದಿನಕ್ಕೆ ಐದು ಗಂಟೆ ಬಿದ್ದಿದೆ ಅಂತ ಹಿಡಿದರೂ ಐದು ವರ್ಷಕ್ಕೆ 9,000 ಗಂಟೆ ದಾಟುತ್ತದೆ. ನೀವು ದಿನಕ್ಕೆ ಅರ್ಧ ಗಂಟೆ ಕೂತಿದ್ದರೆ ಮೂರು ತಿಂಗಳಿಗೆ 45 ಗಂಟೆ. ಅದೂ ಅಲ್ಲದೆ ಅವಳು 'ಅಮ್ಮ, ನೀರು' ಅಂದರೆ ಸಾಕು, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನೀವು ಅಷ್ಟೇ ಹೇಳಿದರೆ ನಗುತ್ತಾರೆ, ಅಲ್ವಾ?

1978ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ನೋಡಿತ್ತು. ನೆದರ್ಲೆಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ಜನರನ್ನು, ಮೂರು ವರ್ಷದ ಮಕ್ಕಳಿಂದ ಹಿಡಿದು ದೊಡ್ಡವರವರೆಗೆ, ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲ ತಿಂಗಳುಗಳಲ್ಲಿ ಬೇಗ ಕಲಿತವರು ಹದಿಹರೆಯದವರು ಮತ್ತು ದೊಡ್ಡವರು. ಎಲ್ಲರಿಗಿಂತ ಹಿಂದೆ ಬಿದ್ದವರು 3ರಿಂದ 5 ವರ್ಷದ ಮಕ್ಕಳು! ಮಕ್ಕಳು ಆಮೇಲೆ ದೊಡ್ಡವರನ್ನು ಹಿಂದೆ ಹಾಕುತ್ತಾರೆ, ಆ ಮಾತು ಬೇರೆ.

ಹಾಗಾದರೆ ವಯಸ್ಸಿನಿಂದ ಏನೂ ಆಗುವುದಿಲ್ಲವಾ? ಆಗುತ್ತದೆ. ಭಾಷಾವಿಜ್ಞಾನಿ ಎರಿಕ್ ಲೆನೆಬರ್ಗ್ 1967ರಲ್ಲೇ, ಭಾಷೆ ಸಹಜವಾಗಿ ಹತ್ತುವ ಕಾಲ ಹರೆಯಕ್ಕೆ ಮುಗಿಯುತ್ತದೆ ಎಂದು ವಾದಿಸಿದ್ದರು. 2018ರಲ್ಲಿ ಸುಮಾರು 6.7 ಲಕ್ಷ ಜನರಿಗೆ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ಕೊಟ್ಟು ನೋಡಿದಾಗ, ವ್ಯಾಕರಣ ಹಿಡಿಯುವ ಶಕ್ತಿ ಸುಮಾರು 17ರವರೆಗೂ ಚೆನ್ನಾಗಿಯೇ ಇರುತ್ತದೆ ಅನ್ನಿಸಿತು. ಆದರೆ ಅದೇ ಭಾಷೆಯಲ್ಲಿ ಹುಟ್ಟಿ ಬೆಳೆದವರ ಮಟ್ಟ ಮುಟ್ಟಬೇಕಾದರೆ ಹತ್ತರ ಆಸುಪಾಸಿನಲ್ಲೇ ಶುರು ಮಾಡಿರಬೇಕು. ನಿಮಗೆ ಆ ಮಟ್ಟ ಯಾಕೆ ಬೇಕು ಹೇಳಿ? ಸೊಸೆಯ ಜೊತೆ ಹರಟುವುದಕ್ಕೆ ಅದರ ಕಾಲುಭಾಗ ಸಾಕು.

ಇನ್ನು ಮರೆವು. ಪುಸ್ತಕ ಹಿಡಿದು ಅದೇ ಪುಟವನ್ನು ಹತ್ತು ಸಲ ಓದುತ್ತಿದ್ದೀರಿ ಅಂತ ನನ್ನ ಊಹೆ. ಅದು ಬೇಡ. ಪುಸ್ತಕ ಮುಚ್ಚಿ, ಪದವನ್ನು ತಲೆಯೊಳಗಿಂದ ಎಳೆದು ತನ್ನಿ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಹೀಗೆ ಕಷ್ಟಪಟ್ಟು ನೆನಪಿಸಿಕೊಂಡ ಪದ ಜಾಸ್ತಿ ದಿನ ಉಳಿಯುತ್ತದೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ಈಗಲೇ ಇನ್ನೊಂದು ಭಾಷೆಯ ಕ್ಲಾಸಿಗೆ ಹಾಕದಿದ್ದರೆ ಕಾಲ ಮಿಂಚಿಹೋಗುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ವಾರಕ್ಕೆ ಒಂದು ಗಂಟೆಯ ಕ್ಲಾಸಾದರೆ ಗಾಬರಿ ಬೇಡ. ಬಾರ್ಸಿಲೋನಾದಲ್ಲಿ 8ನೇ ವಯಸ್ಸಿಗೆ ಶಾಲೆಯಲ್ಲಿ ಇಂಗ್ಲಿಷ್ ಶುರು ಮಾಡಿದವರನ್ನೂ 11ಕ್ಕೆ ಶುರು ಮಾಡಿದವರನ್ನೂ ಹೋಲಿಸಿದರು. ಇಬ್ಬರೂ ಅಷ್ಟೇ ಗಂಟೆ ಪಾಠ ಕೇಳಿದ ಮೇಲೆ ನೋಡಿದರೆ, ತಡವಾಗಿ ಶುರು ಮಾಡಿದವರೇ ಒಟ್ಟಾರೆ ಮುಂದಿದ್ದರು. ಚಿಕ್ಕ ಮಕ್ಕಳು ಕಲಿಯುವುದು ಭಾಷೆಯಲ್ಲಿ ಮುಳುಗಿ: ಆಟ, ಜಗಳ, ಕಥೆ ಎಲ್ಲ ಅದರಲ್ಲೇ ಆಗಬೇಕು. ಅಂಥ ಜೊತೆಗಾರರು ಸಿಕ್ಕರೆ ಈಗಲೇ ಅವರ ಜೊತೆ ಆಡಲು ಬಿಡಿ, ಕಲಿಯುತ್ತಾನೆ. ಸಿಗದಿದ್ದರೆ ಸುಮ್ನೆ ಅವನನ್ನು ಕೂರಿಸಿ ಪದಪಟ್ಟಿ ಬಾಯಿಪಾಠ ಮಾಡಿಸಬೇಡಿ.

ಪ್ರಶ್ನೆ: ಹತ್ತು ವರ್ಷದಿಂದ ಇಂಗ್ಲಿಷ್ ಮಾತಾಡುತ್ತಿದ್ದೇನೆ, ಉಚ್ಚಾರಣೆ ಮಾತ್ರ ಬದಲಾಗಿಲ್ಲ. ಜನ ಆಡಿಕೊಳ್ಳುತ್ತಾರೆ.

ಉತ್ತರ: ವಯಸ್ಸು ನಿಜವಾಗಿ ಸುಂಕ ವಸೂಲಿ ಮಾಡುವುದು ಇಲ್ಲೇ. ಅದೂ ಎಷ್ಟು ಬೇಗ ಅಂತೀರಿ! ನಮಗೆ 'ತ' ಬೇರೆ, 'ಟ' ಬೇರೆ. 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ಈ ಎರಡು ಸದ್ದು ಕೇಳಿಸಿದರು. ಆರು-ಎಂಟು ತಿಂಗಳಲ್ಲಿ ಬಹುತೇಕ ಕೂಸುಗಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಯ ಭಾಷೆಗೆ ಬೇಡದ ಸದ್ದನ್ನು ಕಿವಿ ಅಷ್ಟು ಬೇಗ ಕೈಬಿಡುತ್ತದೆ. ಹಾಗಾಗಿ ಮೊದಲು ಕಿವಿಯನ್ನು ಪಳಗಿಸಿ. ಒಂದೇ ಸದ್ದು ವ್ಯತ್ಯಾಸವಿರುವ ಜೋಡಿ ಪದಗಳನ್ನು ಬೇರೆ ಬೇರೆ ಜನರ ದನಿಯಲ್ಲಿ ಕೇಳಿ, ಯಾವುದು ಅಂತ ಗುರುತಿಸಿ, ಆಮೇಲೆ ಬಾಯಿ ತೆರೆಯಿರಿ. ಉಚ್ಚಾರಣೆ ಸುಧಾರಿಸುತ್ತದೆ, ಆದರೆ ತಾಯ್ನುಡಿಯ ಧಾಟಿ ಪೂರ್ತಿ ಹೋಗುವುದು ಅಪರೂಪ. ಪೋಲೆಂಡ್ ಮೂಲದ ಜೋಸೆಫ್ ಕಾನ್ರಾಡ್ ಇಂಗ್ಲಿಷ್ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಾದರು, ಮಾತಿನ ಧಾಟಿ ಮಾತ್ರ ಕೊನೆಯವರೆಗೂ ಪೋಲಿಷ್ ಆಗಿಯೇ ಉಳಿಯಿತು. ಆಡಿಕೊಳ್ಳುವವರಿಗೆ ಇವರ ಹೆಸರು ಹೇಳಿ.

ಪ್ರಶ್ನೆ: 70ರಲ್ಲಿ ಹೊಸ ಭಾಷೆ ಕಲಿತರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ?

ಉತ್ತರ: ಅಂಥ ಗ್ಯಾರಂಟಿ ಯಾರೂ ಕೊಡಲಾರರು. ಸ್ಕಾಟ್ಲೆಂಡಿನಲ್ಲಿ 1947ರಲ್ಲಿ, 11ನೇ ವಯಸ್ಸಿನಲ್ಲಿ ಬುದ್ಧಿ ಪರೀಕ್ಷೆಗೆ ಕೂತಿದ್ದ 853 ಜನರನ್ನು ಎಪ್ಪತ್ತು ದಾಟಿದ ಮೇಲೆ ಮತ್ತೆ ಪರೀಕ್ಷಿಸಿದ್ದಾರೆ. ಎರಡನೇ ಭಾಷೆ ಬಲ್ಲವರು ಬಾಲ್ಯದ ಅಂಕ ನೋಡಿ ಅಂದಾಜು ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದರು. ದೊಡ್ಡವರಾದ ಮೇಲೆ ಕಲಿತವರೂ ಅವರಲ್ಲಿದ್ದರು. ಖುಷಿಯ ಸಂಗತಿಯೇ, ಆದರೆ ಅದು ಔಷಧಿಯಲ್ಲ. ಕಲಿಯಲು ಕೂರುವ ಮುಂಚೆ ಒಮ್ಮೆ ಕಿವಿ ತೋರಿಸಿಕೊಳ್ಳಿ. ಈ ವಯಸ್ಸಲ್ಲಿ ಹೊಸ ಪದ ನಿಲ್ಲದಿದ್ದರೆ ನೆನಪನ್ನು ಬೈಯುತ್ತೇವೆ, ಎಷ್ಟೋ ಸಲ ಪದ ಸರಿಯಾಗಿ ಕೇಳಿಸಿರುವುದೇ ಇಲ್ಲ.