ಪ್ರತಿಕ್ರಿಯೆ: ಕಪ್ಪತಗುಡ್ಡದ ಏರೋಪ್ಲೇನ್ ಚಿಟ್ಟೆಗಳು
ಮಾನ್ಯರೇ, ಕಪ್ಪತಗುಡ್ಡದ ಅಂಚಿನಲ್ಲಿ ಕಲ್ಲು ಅಗೆದ ಗುಂಡಿಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಿಂಡಾಗಿ ಹಾರುವುದು ಕಾಡು ಚೇತರಿಸಿಕೊಂಡ ಲಕ್ಷಣವೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳಲಾಗದು. ಮಳೆಗಾಲದಲ್ಲಿ ಹೀಗೆ ಹಿಂಡಾಗಿ ಕಾಣುವುದು ಹೆಚ್ಚಾಗಿ ಪ್ಯಾಂಟಾಲ ಫ್ಲೇವೆಸೆನ್ಸ್ ಎಂಬ ವಲಸೆ ಪ್ರಭೇದವಾಗಿದ್ದು, ಅದರ ಮರಿಗಳು ಬೇಗ ಬತ್ತುವ ಮಳೆನೀರಿನ ಹೊಂಡದಲ್ಲಿಯೂ ಕೆಲವೇ ವಾರಗಳಲ್ಲಿ ಬೆಳೆದು ರೆಕ್ಕೆ ಪಡೆಯಬಲ್ಲವಾದ್ದರಿಂದ ಅದಕ್ಕೆ ಮರದ ನೆರಳು ಬೇಕಿಲ್ಲ. ಕಾಡು ಕಡಿದು ಬಯಲಾದಲ್ಲಿ ಬಿಸಿಲು ಬಯಸುವ ಪ್ರಭೇದಗಳು ಸೇರಿಕೊಳ್ಳುವುದರಿಂದ, ಪ್ರಭೇದಗಳ ಒಟ್ಟು ಸಂಖ್ಯೆ ತಗ್ಗದೆಯೇ ನೆರಳಿನ ಹಳ್ಳವನ್ನು ನೆಚ್ಚಿದವು ಮಾತ್ರ ಮರೆಯಾಗಬಹುದು (ಕಂಡ ಪ್ರಭೇದಗಳ ಪಟ್ಟಿಯ ಉದ್ದ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲಿಯೇ). ಆದ್ದರಿಂದ ಕುಳಿತಾಗ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಮಡಚುವ, ಸೂಜಿಯಂಥ ಮೈಯ, ತಮ್ಮಲ್ಲಿ ಹಲವು ಪ್ರಭೇದಗಳು ನೆರಳಿನ ಹಳ್ಳವನ್ನೇ ನೆಚ್ಚಿರುವ ಡ್ಯಾಮ್ಸೆಲ್‌ಫ್ಲೈಗಳನ್ನು ಹಳ್ಳದ ದಂಡೆಯಲ್ಲಿ ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ. ಜೊತೆಗೆ ನೀರಂಚಿನ ಹುಲ್ಲಿಗೆ ಅಂಟಿರುವ, ಮರಿಗಳು ರೆಕ್ಕೆ ಪಡೆಯುವಾಗ ಕಳಚಿಟ್ಟ ಪೊರೆಗಳನ್ನೂ ಹುಡುಕಿರಿ. ಹಾರಿ ಬಂದದ್ದು ಯಾವುದು, ಅಲ್ಲಿಯೇ ಬೆಳೆದದ್ದು ಯಾವುದು ಎಂಬುದಕ್ಕೆ ಪೊರೆಯಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಸಿಗುವುದು ಕಷ್ಟ.